ಪರೀಕ್ಷೆ ತ್ರಾಸದ ನಡುವೆ ಗಣಿತದ ಕ್ಲಾಸು ಖುಷಿಯಾಗಿ ಇರಬಹುದಾ?

ಪ್ರಶ್ನೆ: ನಾನು ಯಾದಗಿರಿ ಜಿಲ್ಲೆ ಶಹಾಪುರ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಒಂಬತ್ತು ವರ್ಷದ ಸರ್ವಿಸ್. ಮೊದಲೆಲ್ಲಾ ಕ್ಲಾಸಿಗೆ ಹೋಗುವುದೆಂದರೆ ಖುಷಿ ಇತ್ತು. ಈಗ ಎಸ್ಸೆಸ್ಸೆಲ್ಸಿ ರಿಸಲ್ಟ್ ಅಂತ ಮೀಟಿಂಗ್ ಮೇಲೆ ಮೀಟಿಂಗ್. ಬೆಳಿಗ್ಗೆ ಸ್ಪೆಷಲ್ ಕ್ಲಾಸ್, ಸಂಜೆ ಸ್ಪೆಷಲ್ ಕ್ಲಾಸ್, ಶನಿವಾರ ಟೆಸ್ಟ್. ನನ್ನ ಮುಖ ಕಂಡರೆ ಮಕ್ಕಳು ತಲೆ ತಗ್ಗಿಸುತ್ತಾರೆ. ಹೋದ ವಾರ ಒಬ್ಬ ಹುಡುಗಿಗೆ 'ಫೇಲಾದ್ರೆ ಹತ್ತಿ ಬಿಡಿಸಾಕ ಹೋಗು' ಅಂದುಬಿಟ್ಟೆ. ಆ ರಾತ್ರಿ ನಿದ್ದೆ ಬರಲಿಲ್ಲ. ಆಟ ಆಡಿಸಿ, ಹಾಡು ಹೇಳಿಸಿ ಅಂತ ಟ್ರೇನಿಂಗಿನಲ್ಲಿ ಹೇಳುತ್ತಾರೆ. ಪರೀಕ್ಷೆಗೆ ಎರಡು ತಿಂಗಳು ಇರುವಾಗ ಆಟಕ್ಕೆ ಟೈಮ್ ಎಲ್ಲಿದೆ? ನಗುನಗುತ್ತಾ ಕಲಿಸಿದರೆ ಹುಡುಗರು ತಲೆ ಮೇಲೆ ಕೂರುವುದಿಲ್ಲವೇ? ಸಂಜೆ ಕ್ಲಾಸು ನಿಲ್ಲಿಸಿಬಿಡಲೇ?

ಉತ್ತರ: ಮೇಡಂ, ನಿದ್ದೆ ಬರಲಿಲ್ಲ ಅಂದಿರಲ್ಲ, ಅದನ್ನು ಓದಿ ನನಗೆ ಸಮಾಧಾನವಾಯಿತು. ಬೈದು ಚೆನ್ನಾಗಿ ನಿದ್ದೆ ಮಾಡಿದವರು ಇಂಥ ಪ್ರಶ್ನೆ ಕೇಳುವುದಿಲ್ಲ.

ನಾನೂ ಗಣಿತದವನೇ. ಕಲಬುರಗಿ ಜಿಲ್ಲೆಯ ಹಳ್ಳಿ ಹೈಸ್ಕೂಲುಗಳಲ್ಲಿ ಕಲಿಸಿ, ಆಮೇಲೆ ಶಿಕ್ಷಕರಿಗೆ ತರಬೇತಿ ಕೊಡುವ ಕೆಲಸಕ್ಕೆ ಬಂದೆ. 'ಆಟ ಆಡಿಸಿ' ಅಂತ ಹೇಳಿದವರಲ್ಲಿ ನಾನೂ ಒಬ್ಬ. ಈಗ ಹಾಗೆ ಹೇಳುವುದನ್ನು ಕಡಿಮೆ ಮಾಡಿದ್ದೇನೆ. ಒಂದರಿಂದ ಮೂರನೇ ಕ್ಲಾಸಿನ ನಲಿ-ಕಲಿಯಲ್ಲಿ ಹಾಡು, ಕಾರ್ಡು, ಆಟ ಎಲ್ಲಾ ಪಾಠದೊಳಗೇ ಬೆರೆತಿವೆ. ಹತ್ತನೇ ಕ್ಲಾಸಿನಲ್ಲಿ, ಅದೂ ಜನವರಿಯಲ್ಲಿ, ಹದಿನೈದು ವರ್ಷದ ಹುಡುಗರನ್ನು ಎಬ್ಬಿಸಿ ಚಪ್ಪಾಳೆ ಹೊಡೆಸಿದರೆ ಅವರಿಗೂ ನಾಚಿಕೆ, ನಿಮಗೂ ಬೇಸರ. ಆ ವಯಸ್ಸಿನ ಮಕ್ಕಳಿಗೆ ಖುಷಿ ಕೊಡುವುದು ಬೇರೆಯೇ ಇದೆ. 'ಓ, ಇದು ನನಗೆ ಬಂತು' ಅನ್ನುವ ಗಳಿಗೆ. ದಿನಕ್ಕೆ ಒಂದು ಸಲ ಆ ಗಳಿಗೆ ಸಿಕ್ಕರೆ ಮಗು ಮರುದಿನ ತಾನಾಗಿ ಬರುತ್ತದೆ. ನಿಮ್ಮ ಕ್ಲಾಸಿನಲ್ಲಿ ಅದು ಯಾಕೆ ಸಿಗುತ್ತಿಲ್ಲ, ಎರಡು ತಿಂಗಳಲ್ಲಿ ಹೇಗೆ ಸಿಗುವಂತೆ ಮಾಡಬಹುದು ಅನ್ನುವುದನ್ನಷ್ಟೇ ನೋಡೋಣ.

ಮೊದಲು ಒತ್ತಡದ ಮಾತು. ಅದು ನಿಮ್ಮ ಕಲ್ಪನೆಯಲ್ಲ. 2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಯಾದಗಿರಿ ರಾಜ್ಯದಲ್ಲೇ ಕೊನೆಗಿತ್ತು, ಶೇಕಡಾ 50.59. ಮರುವರ್ಷ ಕಲಬುರಗಿ ಕೊನೆಗೆ ಬಂತು, ಶೇಕಡಾ 42.43. 2024ರಿಂದ ನಕಲು ತಡೆಯಲು ಪರೀಕ್ಷಾ ಕೋಣೆಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂದಿದೆ. ಮೇಲಿನಿಂದ ಬಂದ ಬಿಸಿ ಡಿಡಿಪಿಐ, ಬಿಇಒ, ಹೆಡ್‌ಮಾಸ್ಟರ್ ಅಂತ ಇಳಿದು ಇಳಿದು ನಿಮ್ಮ ತಲೆಗೆ ಬರುತ್ತದೆ. ನಿಮ್ಮ ತಲೆಯಿಂದ ಮಕ್ಕಳ ತಲೆಗೆ. ಮಕ್ಕಳ ಕೆಳಗೆ ಯಾರೂ ಇಲ್ಲ. ಅಲ್ಲಿಗೇ ನಿಂತುಬಿಡುತ್ತದೆ.

ಇದು ಬರೀ ಮಾತಲ್ಲ. 2016ರಲ್ಲಿ ಕೆನಡಾದ ಶಾಲೆಗಳಲ್ಲಿ ನಾಲ್ಕರಿಂದ ಏಳನೇ ಕ್ಲಾಸಿನ ಮಕ್ಕಳ ಜೊಲ್ಲು ಪರೀಕ್ಷೆ ಮಾಡಿ, ಒತ್ತಡ ಆದಾಗ ಮೈಯಲ್ಲಿ ಏರುವ ಕಾರ್ಟಿಸಾಲ್ ಎಷ್ಟಿದೆ ಅಂತ ಅಳೆದರು. ಕೆಲಸದಲ್ಲಿ ಸೋತು ಸುಣ್ಣವಾಗಿದ್ದ ಶಿಕ್ಷಕರ ಕ್ಲಾಸಿನ ಮಕ್ಕಳಲ್ಲಿ ಬೆಳಗಿನ ಹೊತ್ತೇ ಅದು ಜಾಸ್ತಿ ಇತ್ತು. ಶಿಕ್ಷಕರಿಂದ ಮಕ್ಕಳಿಗೆ ಹರಿಯಿತೋ, ಕಷ್ಟದ ಮಕ್ಕಳಿಂದ ಶಿಕ್ಷಕರು ಸೋತರೋ, ಆ ಅಧ್ಯಯನ ತೀರ್ಪು ಕೊಡಲಿಲ್ಲ. ಎರಡೂ ಇರಬಹುದು. ಸ್ಟಾಫ್‌ರೂಮಿನಲ್ಲಿ ಕೂತವರಿಗೆ ಇದು ಹೊಸ ಸುದ್ದಿಯೇನಲ್ಲ, ಅಲ್ವಾ?

ಗಾಬರಿ ಇದ್ದಾಗ ಗಣಿತವೇ ಯಾಕೆ ಮೊದಲು ಕೈಕೊಡುತ್ತದೆ? ಲೆಕ್ಕ ಮಾಡುವಾಗ ಮಗು ನಾಲ್ಕಾರು ಸಂಗತಿಗಳನ್ನು ಒಟ್ಟಿಗೆ ತಲೆಯಲ್ಲಿ ಹಿಡಿದಿರಬೇಕು. ಸೂತ್ರ, ಚಿಹ್ನೆ, ಹಿಂದಿನ ಸಾಲಿನ ಉತ್ತರ, ಮುಂದಿನ ಹೆಜ್ಜೆ. ತಲೆಯಲ್ಲಿ ಆ ಜಾಗ ಬಹಳ ಸಣ್ಣದು. ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುತ್ತಾರಲ್ಲ, ಭಯ ಮಾಡುವುದೂ ಅದನ್ನೇ. 'ಮೇಡಂ ಬೈತಾರ', 'ಮನ್ಯಾಗ ಏನಂತಾರ' ಅನ್ನುವ ಟವೆಲ್ಲುಗಳು ಮೊದಲೇ ಸೀಟು ಹಿಡಿದಿರುತ್ತವೆ. ಲೆಕ್ಕ ಹತ್ತಿದಾಗ ನಿಲ್ಲಲೂ ಜಾಗ ಇಲ್ಲ. ಮಗು ದಡ್ಡ ಅಂತ ನಾವು ಬರೆದುಕೊಳ್ಳುತ್ತೇವೆ.

ಹಾಗಂತ ಒತ್ತಡ ಪೂರ್ತಿ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಸ್ವಲ್ಪ ಬಿಸಿ ಬೇಕು. ಹಂಚು ಕಾಯದೆ ರೊಟ್ಟಿ ಬೇಯುವುದಿಲ್ಲ. ನಿಮ್ಮ ಕ್ಲಾಸಿನಲ್ಲಿ ಈಗ ಹಂಚು ಕೆಂಪಗಾಗಿದೆ, ಅಷ್ಟೇ.

ಈಗ ಹತ್ತಿಯ ಮಾತಿಗೆ ಬರುತ್ತೇನೆ. ಇದು ನಿಮ್ಮನ್ನು ಚುಚ್ಚಲು ಅಲ್ಲ. ನಾನೂ ಇದೇ ಮಾತು ಆಡಿದವನು. ಒಂದು ವರ್ಷ, ಇದೇ ಜನವರಿ ತಿಂಗಳು, ಹದಿನಾಲ್ಕು ದಿನ ಚಕ್ಕರ್ ಹೊಡೆದು ಬಂದ ಹುಡುಗಿಗೆ ಎಲ್ಲರೆದುರು 'ಹತ್ತಿ ಬಿಡಿಸೋಕೇ ಲಾಯಕ್ಕು ನೀನು' ಅಂದೆ. ಅವಳು ಅಳಲಿಲ್ಲ. 'ನಮ್ಮವ್ವನೂ ಅದೇ ಮಾಡ್ತಾಳ್ರಿ ಸರ್' ಅಂದಳು. ಬೇರೇನೂ ಹೇಳಲಿಲ್ಲ. ನಾನು ಬೋರ್ಡಿನ ಕಡೆ ತಿರುಗಿಕೊಂಡೆ. ನಮ್ಮ ಕ್ಲಾಸಿನ ಅರ್ಧ ಮಕ್ಕಳ ತಾಯಂದಿರು ದುಡಿದು ಪುಸ್ತಕ ಕೊಡಿಸುವ ಕೆಲಸವನ್ನೇ ನಾವು ಶಿಕ್ಷೆಯ ಹೆಸರಾಗಿ ಬಳಸುತ್ತೇವೆ. ಮಗುವಿಗೆ ಅದು ತನಗೆ ಬೈದದ್ದು ಅನ್ನಿಸುವುದಿಲ್ಲ, ಅವ್ವನಿಗೆ ಬೈದದ್ದು ಅನ್ನಿಸುತ್ತದೆ. ಅಂಥ ಮಾಸ್ತರ ಹೇಳುವ ಲೆಕ್ಕದ ಮೇಲೆ ಮನಸ್ಸು ಕೂರುವುದು ಹೇಗೆ?

ಎರಡು ದಿನ ಬಿಟ್ಟು ಅದೇ ಹುಡುಗಿಯನ್ನು ಬೋರ್ಡಿಗೆ ಕರೆದೆ. ಸಮಾಂತರ ಶ್ರೇಢಿಯ ರಿವಿಜನ್ ನಡೆದಿತ್ತು. 'ಮೊದಲ ದಿನ ಎಷ್ಟು ಕಿಲೋ ಬಿಡಿಸಿದಿ?' ಅಂತ ಕೇಳಿದೆ. ಹನ್ನೆರಡು ಅಂದಳು. ಹನ್ನೆರಡು ಬರೆದೆ. 'ದಿನಾ ಎರಡು ಕಿಲೋ ಹೆಚ್ಚಿಗೆ ಬಿಡಿಸಿದಿ ಅಂತ ಇಟ್ಕೋ. ಹತ್ತನೇ ದಿನ ಎಷ್ಟು?' ಅವಳು ಬೆರಳು ಮಡಿಸುತ್ತಾ ಮೂವತ್ತು ಅಂದಳು. ಹತ್ತು ದಿನದ್ದೂ ಕೂಡಿದರೆ? ಕ್ಲಾಸೆಲ್ಲಾ ಗಪ್‌ಚುಪ್. ಮೊದಲ ದಿನದ ಹನ್ನೆರಡಕ್ಕೆ ಕೊನೆಯ ದಿನದ ಮೂವತ್ತು ಸೇರಿಸು ಅಂದೆ. 42. ಎರಡನೇ ದಿನದ ಹದಿನಾಲ್ಕಕ್ಕೆ ಒಂಬತ್ತನೇ ದಿನದ ಇಪ್ಪತ್ತೆಂಟು? ಅದೂ 42. ಮೂರನೆಯದಕ್ಕೆ ಹೋಗುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಒಬ್ಬ ಕೂಗಿದ. 'ಸರ್, ಎಲ್ಲಾ ಜೋಡಿನೂ ಅಷ್ಟೇ ಬರ್ತಾವ್ರಿ!' ಐದು ಜೋಡಿ, ಐದು ಸಲ 42, ಒಟ್ಟು 210 ಕಿಲೋ. ಪದಗಳ ಸಂಖ್ಯೆಯ ಅರ್ಧವನ್ನು ಮೊದಲ ಪದ, ಕೊನೆಯ ಪದಗಳ ಮೊತ್ತದಿಂದ ಗುಣಿಸು ಅನ್ನುವ ಸೂತ್ರವನ್ನು ಆಮೇಲೆ ಬರೆದೆ. ಆಗ ಆ ಹುಡುಗಿ ಮೆಲ್ಲಗೆ ಹೇಳಿದಳು: 'ಹತ್ತಿ ಹಂಗ ಲೆಕ್ಕ ಹಿಡ್ದು ಬರಂಗಿಲ್ರಿ ಸರ್. ನಾಕು ದಿನ ಆದ್ಮ್ಯಾಲ ಬೆನ್ನು ನೋಯ್ತದ, ಕಮ್ಮಿ ಆಗ್ತದ.' ಕ್ಲಾಸೆಲ್ಲಾ ನಕ್ಕಿತು. ನಾನೂ ನಕ್ಕೆ. ಹಾಗಿದ್ದರೆ ದಿನಾ ಒಂದು ಕಿಲೋ ಕಡಿಮೆಯಾದರೆ ಸೂತ್ರದಲ್ಲಿ ಏನು ಬದಲಾಗುತ್ತದೆ ಅಂತ ಕೇಳಿದೆ. ಋಣ ವ್ಯತ್ಯಾಸ ಅನ್ನುವುದು ಆ ವರ್ಷ ಯಾರಿಗೂ ಕಷ್ಟವಾಗಲಿಲ್ಲ.

ಇದಕ್ಕೆ ಹಿಡಿದದ್ದು ಹದಿನೈದು ನಿಮಿಷ. ಆಟ ಇಲ್ಲ, ಚಾರ್ಟ್ ಇಲ್ಲ, ಪ್ರೊಜೆಕ್ಟರ್ ಇಲ್ಲ. ಲೆಕ್ಕದ ಹೆಜ್ಜೆ ಸಣ್ಣದಾಗಿತ್ತು, ಮಾತು ಅವರದ್ದೇ ಆಗಿತ್ತು. ಆ ಹುಡುಗಿಗೆ ಗೊತ್ತಿದ್ದದ್ದು ನನಗೆ ಗೊತ್ತಿರಲಿಲ್ಲ ಅನ್ನುವುದೂ ಕ್ಲಾಸಿಗೆ ಗೊತ್ತಾಯಿತು.

ಮಾತಿನ ವಿಚಾರ ಇನ್ನೂ ಸ್ವಲ್ಪ ಹೇಳಬೇಕು. ನಿಮ್ಮ ಕ್ಲಾಸಿನಲ್ಲಿ ಮನೆಯಲ್ಲಿ ಲಂಬಾಣಿ ಆಡುವವರು, ಉರ್ದು ಆಡುವವರು ಇದ್ದೇ ಇರುತ್ತಾರೆ. ಗುರುಮಠಕಲ್ ಕಡೆಯವರಾದರೆ ತೆಲುಗು. ಕನ್ನಡದವರಿಗೂ ಪುಸ್ತಕದ ಕನ್ನಡ ಅರ್ಧ ಪರಭಾಷೆಯೇ. 'ಶ್ರೇಢಿ' ಅನ್ನುವ ಪದವನ್ನು ಅವರ ಮನೆಯಲ್ಲಿ ಯಾರೂ ಆಡುವುದಿಲ್ಲ. 'ಪಾಳಿ' ಅನ್ನಿ, ರೇಷನ್ ಅಂಗಡಿ ಪಾಳಿ ಕಣ್ಣೆದುರು ಬರುತ್ತದೆ. ಮೊದಲ ದಿನ ಪಾಳಿ, ಎರಡನೇ ದಿನ 'ಪಾಳಿ, ಅಂದ್ರ ಶ್ರೇಢಿ', ಮೂರನೇ ದಿನ ಬರೀ ಶ್ರೇಢಿ. ಪರೀಕ್ಷೆಯಲ್ಲಿ ಶ್ರೇಢಿ ಅಂತಲೇ ಬರುವುದರಿಂದ ಅಲ್ಲಿಗೆ ತಲುಪಲೇಬೇಕು. ಆದರೆ ಅಲ್ಲಿಂದಲೇ ಶುರು ಮಾಡಬೇಡಿ. ಪುಸ್ತಕದ ಕನ್ನಡದಲ್ಲೇ ಉತ್ತರ ಕೊಡಬೇಕು ಅಂತ ಹಟ ಹಿಡಿದರೆ ಉತ್ತರ ಗೊತ್ತಿದ್ದವರೂ ಬಾಯಿ ಮುಚ್ಚಿಕೊಂಡು ಕೂರುತ್ತಾರೆ. 'ನಿನ್ನ ಮಾತಿನಾಗ ಹೇಳು' ಅಂತ ಒಂದು ಸಲ ಹೇಳಿ ನೋಡಿ. ಎಷ್ಟು ಕೈ ಏಳುತ್ತವೆ ಅಂತ ಎಣಿಸಿ.

ಶನಿವಾರದ ಟೆಸ್ಟ್ ನಿಲ್ಲಿಸಬೇಕಾ? ಬೇಡ. ಟೆಸ್ಟ್ ನಿಮ್ಮ ಶತ್ರು ಅಲ್ಲ. 2006ರಲ್ಲಿ ಅಮೆರಿಕದಲ್ಲಿ ಇಬ್ಬರು ಮನಃಶಾಸ್ತ್ರಜ್ಞರು ಒಂದು ಪ್ರಯೋಗ ಮಾಡಿದರು. ಒಂದು ಗುಂಪು ಪಾಠವನ್ನು ಮತ್ತೆ ಓದಿತು. ಇನ್ನೊಂದು ಗುಂಪು ಪಾಠ ಮುಚ್ಚಿಟ್ಟು ನೆನಪಿದ್ದದ್ದನ್ನು ಬರೆಯಿತು. ಐದು ನಿಮಿಷದ ನಂತರ ಕೇಳಿದರೆ ಮತ್ತೆ ಓದಿದವರೇ ಮುಂದೆ. ಒಂದು ವಾರ ಬಿಟ್ಟು ಕೇಳಿದರೆ ಮುಚ್ಚಿಟ್ಟು ಬರೆದವರು ಮುಂದೆ. ಅಂದರೆ ನೆನಪಿನಿಂದ ಹೊರಗೆ ಎಳೆದಷ್ಟೂ ಪಾಠ ಗಟ್ಟಿಯಾಗುತ್ತದೆ. ನಮ್ಮ ಟೆಸ್ಟಿನಲ್ಲಿ ಕೆಡುವುದು ಟೆಸ್ಟ್ ಮುಗಿದ ಮೇಲೆ. ಅಂಕ ಓದಿ ಹೇಳುವುದು, ಕಡಿಮೆ ಬಂದವರನ್ನು ನಿಲ್ಲಿಸುವುದು, ಪೇಪರನ್ನು ಮುಖದ ಮೇಲೆ ಎಸೆದಂತೆ ಕೊಡುವುದು.

ಅದಕ್ಕೆ ದಿನಾ ಪಿರಿಯಡ್ ಶುರುವಿನಲ್ಲಿ ಐದು ನಿಮಿಷ ಹೀಗೆ ಮಾಡಿ. ಪುಸ್ತಕ ಮುಚ್ಚಿಸಿ. ಬೋರ್ಡಿನ ಮೇಲೆ ಮೂರು ಲೆಕ್ಕ ಬರೆಯಿರಿ. ಒಂದು ನಿನ್ನೆಯದು, ಒಂದು ಹೋದ ವಾರದ್ದು, ಒಂದು ಜೂನ್‌ನದ್ದು. ಒಂದಾದರೂ ಕ್ಲಾಸಿನ ಅತಿ ಹಿಂದುಳಿದ ಮಗುವಿಗೂ ಬರುವಂತಿರಲಿ. ಇದನ್ನು ಬಿಟ್ಟುಕೊಡಬೇಡಿ. ಅಂಕ ಇಲ್ಲ, ರಿಜಿಸ್ಟರ್ ಇಲ್ಲ. ಪಕ್ಕದವರೊಂದಿಗೆ ನೋಡಿಕೊಂಡು ತಾವೇ ತಿದ್ದಿಕೊಳ್ಳಲಿ. ನೀವು ಬೆಂಚುಗಳ ನಡುವೆ ಸುಮ್ನೆ ಓಡಾಡಿ. ಮೊದಲ ವಾರ ನಕಲು ಹೊಡೆಯುತ್ತಾರೆ. ಅಂಕವೇ ಇಲ್ಲದಿದ್ದಾಗ ನಕಲಿಗೆ ಏನು ಸಿಗುತ್ತದೆ? ಎರಡನೇ ವಾರಕ್ಕೆ ತಾನಾಗಿ ಕಡಿಮೆಯಾಗುತ್ತದೆ.

ಪಾಸಿಂಗ್ ಪ್ಯಾಕೇಜ್, ಅಂದರೆ ಪಾಸಾಗುವಷ್ಟಕ್ಕೆ ಆರಿಸಿಕೊಟ್ಟ ಸುಲಭದ ಲೆಕ್ಕಗಳು, ಅದರ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಅದನ್ನು ಬೈಯುವುದು ನಮ್ಮ ತರಬೇತಿಗಳಲ್ಲಿ ಒಂದು ಫ್ಯಾಷನ್. ನನಗೆ ಅದರ ಮೇಲೆ ಸಿಟ್ಟಿಲ್ಲ. ಗುಳೆ ಹೋಗಿ ದೀಪಾವಳಿಯಿಂದ ಸಂಕ್ರಾಂತಿವರೆಗೆ ಪುಣೆಯಲ್ಲೋ ಬೆಂಗಳೂರಿನಲ್ಲೋ ಇದ್ದು ಬಂದ ಮಗುವಿಗೆ ನೀವು ಇಡೀ ಪುಸ್ತಕ ಕೊಟ್ಟರೆ ಅದು ಮುಟ್ಟುವುದೂ ಇಲ್ಲ. ಹತ್ತು ಲೆಕ್ಕ ಕೊಡಿ. ರೇಖಾತ್ಮಕ ಸಮೀಕರಣದ ನಕ್ಷೆ, ಸರಾಸರಿ ಕಂಡುಹಿಡಿಯುವುದು, ಇಂಥವು. ಕೈಗೆ ಹತ್ತಿದರೆ ಮರೆಯುವುದಿಲ್ಲ. ಬಾಯಿಪಾಠ ಮಾಡಿಸಬೇಡಿ, ಅಷ್ಟೇ. ಇವತ್ತು ಒಂದು, ಬಂದ ಮೇಲೆ ಇನ್ನೊಂದು. ಬಂದದ್ದಕ್ಕೆ ಮಗುವೇ ತನ್ನ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಟಿಕ್ ಹಾಕಿಕೊಳ್ಳಲಿ. ಏಳು ಟಿಕ್ ಆದ ಹುಡುಗನ ಮುಖ ನೀವು ನೋಡಬೇಕು. ಮತ್ತೆ, ಗುಳೆಯಿಂದ ಬಂದ ದಿನ 'ಬಂದ್ಯಾ ಸಾಹೇಬ?' ಅನ್ನಬೇಡಿ. ಅವನು ಬಂದದ್ದೇ ದೊಡ್ಡದು.

ವಾರಕ್ಕೆ ಒಂದು ಪಿರಿಯಡ್ ಹೊರಗೆ ಕರೆದುಕೊಂಡು ಹೋಗಿ. ಒಂದೇ, ಜಾಸ್ತಿ ಬೇಡ. ಸಮರೂಪ ತ್ರಿಭುಜಗಳಿಗೆ ಧ್ವಜಕಂಬ ಸಾಕು. ಒಂದು ಮೀಟರ್ ಕೋಲು ನೆಟ್ಟು ನೆರಳು ಅಳೆಯಿರಿ. 80 ಸೆಂಟಿಮೀಟರ್ ಇದೆ ಅಂದುಕೊಳ್ಳಿ. ಅದೇ ಹೊತ್ತಿಗೆ ಕಂಬದ ನೆರಳು 4.8 ಮೀಟರ್. ಕಂಬದ ಎತ್ತರ ಆರು ಮೀಟರ್. ಟೇಪ್ ಹಿಡಿಯುವ ಕೆಲಸ ಹಿಂದಿನ ಬೆಂಚಿನವರಿಗೆ ಕೊಡಿ. ಬೆಳಿಗ್ಗೆಯೇ ಮುಗಿಸಿ. ಫೆಬ್ರುವರಿ ದಾಟಿದರೆ ನಮ್ಮ ಬಿಸಿಲು ನಿಮಗೆ ಗೊತ್ತೇ ಇದೆ. ಶಹಾಪುರದ ಬುದ್ಧ ಮಲಗಿದ ಬೆಟ್ಟ ನಿಮ್ಮ ಶಾಲೆಗೆ ಕಂಡರೆ, ಅದರ ಎತ್ತರವನ್ನು ಹೀಗೆ ನೆರಳಿನಿಂದ ಅಳೆಯಲು ಯಾಕೆ ಆಗುವುದಿಲ್ಲ ಅಂತ ಕೇಳಿ ಬಿಡಿ. ಉತ್ತರ ಹೇಳಬೇಡಿ. ಮನೆಗೆ ಹೋಗುವ ದಾರಿಯಲ್ಲಿ ಜಗಳ ಆಡಿಕೊಂಡು ಹೋಗಲಿ. ನಿಮ್ಮ ಸಮಾಜ ವಿಜ್ಞಾನದವರಿಗೂ ಹೇಳಿ, ಭೀಮೆಯ ಆಚೆ ದಡದಲ್ಲೇ ಹಳೆಯ ಬೌದ್ಧ ನೆಲೆ ಸನ್ನತಿ ಇದೆ. ಅದರ ಪಕ್ಕದ ಕನಗನಹಳ್ಳಿಯಲ್ಲಿ ಬ್ರಾಹ್ಮಿ ಲಿಪಿಯಲ್ಲಿ ಅಶೋಕನ ಹೆಸರು ಕೆತ್ತಿದ, ಅವನದೇ ಶಿಲ್ಪ ಸಿಕ್ಕಿದೆ. ಮೌರ್ಯರ ಪಾಠವನ್ನು ಪಾಟಲಿಪುತ್ರದಿಂದಲೇ ಯಾಕೆ ಶುರು ಮಾಡಬೇಕು?

ಇನ್ನು ನಿಮ್ಮ ತ್ರಾಸದ ಮಾತು. 'ಚಪ್ಪಲಿ ಜೊತೆ ಚಿಂತೆಯನ್ನೂ ಬಾಗಿಲ ಹೊರಗೆ ಬಿಟ್ಟು ಕ್ಲಾಸಿಗೆ ಹೋಗಿ' ಅಂತ ಉಪದೇಶ ಮಾಡುತ್ತಾರೆ. ನನಗೆ ಅದರಲ್ಲಿ ನಂಬಿಕೆ ಇಲ್ಲ. ಚಿಂತೆ ಹಾಗೆಲ್ಲಾ ಹೊರಗೆ ಕೂರುವುದಿಲ್ಲ. ಮುಚ್ಚಿಟ್ಟು ನಗುವ ಮುಖ ಮಾಡಿದರೆ ಮಕ್ಕಳು ಎರಡು ನಿಮಿಷದಲ್ಲಿ ಕಂಡುಹಿಡಿಯುತ್ತಾರೆ. ಮನೆಯಲ್ಲಿ ದೊಡ್ಡವರ ಮುಖ ನೋಡಿ ನೋಡಿ ಅವರಿಗೆ ಅಭ್ಯಾಸ. ಅದಕ್ಕಿಂತ ಒಂದು ಮಾತು ಹೇಳಿಬಿಡಿ. 'ಇವತ್ತು ನನಗ ತಲಿ ನೋಯ್ತದ, ನಿಮ್ಮ ಮ್ಯಾಲ ಸಿಟ್ಟಿಲ್ಲ.' ಮೀಟಿಂಗಿನಲ್ಲಿ ಯಾರು ಏನಂದರು ಅನ್ನುವ ಕಥೆ ಬೇಡ. ಈ ಒಂದು ಮಾತಿಗೆ ಕ್ಲಾಸು ಎಷ್ಟು ಹಗುರಾಗುತ್ತದೆ ಅಂತ ನೋಡಿ ನನಗೇ ಆಶ್ಚರ್ಯ ಆಗಿತ್ತು. ಯಾರೋ ಒಬ್ಬರು ಎದ್ದು ನೀರು ತಂದುಕೊಡುತ್ತಾರೆ.

ವಾಟ್ಸಾಪ್ ಗ್ರೂಪುಗಳನ್ನು ರಾತ್ರಿ ಊಟಕ್ಕೆ ಮೊದಲೇ ಮ್ಯೂಟ್ ಮಾಡಿ. ರಾತ್ರಿ ಹತ್ತಕ್ಕೆ ಕೇಳಿದ ಮಾಹಿತಿಯನ್ನು ಬೆಳಿಗ್ಗೆ ಕೊಟ್ಟರೆ ಆಕಾಶ ಬೀಳುವುದಿಲ್ಲ.

ನೀವು ಬೈದ ಆ ಹುಡುಗಿಗೆ ಏನು ಹೇಳಬೇಕು ಅಂತ ನೀವು ಕೇಳದಿದ್ದರೂ ಅದೇ ನಿಮ್ಮ ನಿಜವಾದ ಪ್ರಶ್ನೆ ಅಂತ ನನಗೆ ಅನ್ನಿಸಿತು. ಎಲ್ಲರೆದುರು ಬೈದಿದ್ದರೆ ಎಲ್ಲರೆದುರೇ ಹೇಳಿ. 'ಅವತ್ತು ನಾನು ಹಂಗ ಅನ್ನಬಾರದಿತ್ತು.' ಸಾಕು. ಉದ್ದ ಮಾಡಿದರೆ ಅವಳಿಗೇ ಮುಜುಗರ. ನಮ್ಮ ಕಡೆ ಹೆಣ್ಣುಮಕ್ಕಳಿಗೆ ಫೇಲು ಅಂದರೆ ಬರೀ ಫೇಲಲ್ಲ. ಮನೆಯಲ್ಲಿ ಮದುವೆಯ ಮಾತು ಶುರುವಾಗುತ್ತದೆ. ನಿಮ್ಮ ಎದುರು ತಲೆ ತಗ್ಗಿಸಿ ಕೂತವಳ ತಲೆಯಲ್ಲಿ ಸಮೀಕರಣಕ್ಕಿಂತ ಮೊದಲು ಅದಿರಬಹುದು. ಹಾಗಾಗಿ ಹೆಣ್ಣುಮಕ್ಕಳನ್ನು ಬೇರೆಯಾಗಿ ಕೂರಿಸಿ ಒಂದು ವಿಷಯ ತಿಳಿಸಿ. ಅದೇ ವರ್ಷದಲ್ಲಿ ಇನ್ನೊಂದು ಸಲ ಪರೀಕ್ಷೆ ಬರೆಯಲು ಅವಕಾಶ ಇದೆ. ಒಂದು ಸಲ ಹೋದರೆ ವರ್ಷ ಹೋಗುವುದಿಲ್ಲ. ಇದನ್ನು ತಂದೆತಾಯಿಗೂ ಹೇಳಿ. ಹದಿನೆಂಟು ತುಂಬದ ಮಗುವಿಗೆ ಮದುವೆ ಗೊತ್ತಾಗಿದೆ ಅಂತ ಕಿವಿಗೆ ಬಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಯಾವುದೇ ಮಗು ಊಟ ಬಿಟ್ಟರೆ, ಮಾತು ಬಿಟ್ಟರೆ, 'ನಾನು ಇರಬಾರದು' ಅನ್ನುವ ಥರ ಏನಾದರೂ ಬರೆದರೆ ಅಥವಾ ಅಂದರೆ ಅದನ್ನು ನಾಟಕ ಅಂತ ಬಿಡಬೇಡಿ. ಮಗುವನ್ನು ಒಂಟಿಯಾಗಿ ಬಿಡದೆ ಮನೆಯವರನ್ನು ಕರೆಸಿ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ-ಮಾನಸ್ 14416, ಹಗಲು ರಾತ್ರಿ, ದುಡ್ಡಿಲ್ಲದೆ, ಕನ್ನಡದಲ್ಲೇ ಮಾತಾಡುತ್ತಾರೆ. ನಿಮಗೇ ತಡೆಯಲಾರದಷ್ಟು ಆದರೆ ಅದೇ ನಂಬರು ನಿಮಗೂ.

ಗಾಬರಿ ಜಾಸ್ತಿ ಇರುವ ಮಕ್ಕಳಿಗೆ ಪ್ರಿಪರೇಟರಿ ಪರೀಕ್ಷೆ ದಿನ ಒಂದು ಪ್ರಯೋಗ ಮಾಡಿ ನೋಡಿ. ಪೇಪರ್ ಕೊಡುವ ಮೊದಲು ಹತ್ತು ನಿಮಿಷ, ಏನೇನು ಹೆದರಿಕೆ ಇದೆ ಅಂತ ಒಂದು ಹಾಳೆಯಲ್ಲಿ ಬರೆಯಲಿ. ಯಾರೂ ಓದುವುದಿಲ್ಲ, ಹರಿದು ಹಾಕಬಹುದು. 2011ರಲ್ಲಿ ಅಮೆರಿಕದ ಒಂದು ಅಧ್ಯಯನದಲ್ಲಿ ಹೀಗೆ ಬರೆದ, ಪರೀಕ್ಷೆಗೆ ಹೆದರುವ ಮಕ್ಕಳು ಮೊದಲಿಗಿಂತ ಚೆನ್ನಾಗಿ ಮಾಡಿದರು. ಟವೆಲ್ಲನ್ನು ಸೀಟಿನಿಂದ ತೆಗೆದಂತೆ. ಎಲ್ಲರಿಗೂ ಆಗುತ್ತದೆ ಅಂತಲ್ಲ. ಹಾಳೆಯೊಂದು ಖರ್ಚು, ಅಷ್ಟೇ.

ಹುಡುಗರು ತಲೆ ಮೇಲೆ ಕೂರುತ್ತಾರೆ ಅನ್ನುವ ಭಯಕ್ಕೆ ನನ್ನ ಉತ್ತರ ಚಿಕ್ಕದು. ಹೋಮ್‌ವರ್ಕ್ ನೋಡುತ್ತೇನೆ ಅಂದ ದಿನ ನೋಡಿ. ಗಂಟೆ ಹೊಡೆದಾಗ ಕ್ಲಾಸಿನಲ್ಲಿರಿ. ನಿಯಮ ದಿನಕ್ಕೊಂದು ಬದಲಾಗದಿದ್ದರೆ ನಗುವ ಮೇಡಂ ತಲೆ ಮೇಲೆ ಯಾರೂ ಕೂರುವುದಿಲ್ಲ. ಕೂರುವುದು ಒಂದು ದಿನ ಕೂಗಾಡಿ ಮರುದಿನ ಏನೂ ಕೇಳದವರ ತಲೆ ಮೇಲೆ.

ಸಂಜೆ ಕ್ಲಾಸು ನಿಲ್ಲಿಸಲು ನಿಮಗೆ ಅಧಿಕಾರ ಇದೆಯೋ ಇಲ್ಲವೋ, ಅದನ್ನು ಅರ್ಧಕ್ಕೆ ಇಳಿಸಬಹುದು. ಮಧ್ಯಾಹ್ನ ಬಿಸಿಯೂಟ ಆದ ಮೇಲೆ ಐದು ಗಂಟೆವರೆಗೆ ಆ ಮಕ್ಕಳ ಹೊಟ್ಟೆಗೆ ಏನೂ ಬಿದ್ದಿರುವುದಿಲ್ಲ. ಹಸಿದವರಿಗೆ ವರ್ಗ ಸಮೀಕರಣ ಹೇಳಿದರೆ ಎಲ್ಲಿಗೆ ಹೋಗುತ್ತದೆ? ನಾನಿದ್ದ ಒಂದು ಊರಿನಲ್ಲಿ ಎಸ್‌ಡಿಎಂಸಿಯವರನ್ನು, ಅಂದರೆ ಶಾಲಾಭಿವೃದ್ಧಿ ಸಮಿತಿಯವರನ್ನು, ಕೇಳಿಕೊಂಡೆವು. ವಾರಕ್ಕೆ ಮೂರು ದಿನ ಚುರುಮುರಿ ಸುಸಲಾ, ಉಳಿದ ದಿನ ಹುರಿದ ಶೇಂಗಾ, ಬೆಲ್ಲ. ತಾಯಂದಿರೇ ಪಾಳಿ ಪ್ರಕಾರ ಮಾಡಿ ತಂದರು. ತಿಂದು ಮುಗಿಸಲು ಹದಿನೈದು ನಿಮಿಷ, ಆಮೇಲೆ ನಲವತ್ತು ನಿಮಿಷ ಲೆಕ್ಕ. ಹಳ್ಳಿಗೆ ಹೋಗುವ ಕೊನೆಯ ಬಸ್ಸಿನ ಟೈಮ್ ಬೋರ್ಡಿನ ಮೂಲೆಯಲ್ಲಿ ಬರೆದಿಡುತ್ತಿದ್ದೆವು. ಅದಕ್ಕೆ ಹತ್ತು ನಿಮಿಷ ಮೊದಲು, ಲೆಕ್ಕ ಅರ್ಧಕ್ಕೇ ಇದ್ದರೂ, ಬಿಟ್ಟುಬಿಡುತ್ತಿದ್ದೆವು. ಆ ಅರ್ಧ ಲೆಕ್ಕವನ್ನು ಬೆಳಿಗ್ಗೆ ಬಂದವರೇ ಮುಗಿಸಿಟ್ಟಿರುತ್ತಿದ್ದರು, ನಾನು ಕ್ಲಾಸಿಗೆ ಬರುವ ಮೊದಲೇ.